ಮಗಳಿಗೆ ಯಾವ ಹೆಸರು? ಹೆರಿಗೆ ವಾರ್ಡಿನಿಂದ ಜನನ ಪ್ರಮಾಣಪತ್ರದವರೆಗೆ, ಗಂಡ ಹೆಂಡತಿ ಇಬ್ಬರೂ ಒಪ್ಪುವ ಕ್ರಮ

ಇಲ್ಲಿ ಹೆಸರುಗಳ ಪಟ್ಟಿ ಇಲ್ಲ. ಪಟ್ಟಿಗಳು ಎಲ್ಲರ ಮೊಬೈಲಿನಲ್ಲೂ ಬೇಕಾದಷ್ಟಿವೆ, ಗೊಂದಲ ಶುರುವಾಗುವುದೇ ಅವುಗಳಿಂದ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯ ದಂಪತಿಗಳು ಈ ವಿಷಯ ಎತ್ತಿದಾಗ ಹೇಳುವ ಕಥೆ ಬಹುತೇಕ ಒಂದೇ. ಹೆಂಡತಿ ಬಾಣಂತನಕ್ಕೆ ತವರಿನಲ್ಲಿದ್ದಾಳೆ. ಗಂಡ ತೋರಣಗಲ್ಲಿನಲ್ಲೋ ಶಕ್ತಿನಗರದಲ್ಲೋ ಬೆಂಗಳೂರಿನಲ್ಲೋ ಪಾಳಿಯ ಕೆಲಸದಲ್ಲಿದ್ದಾನೆ. ಅತ್ತೆ ಊರಿನಲ್ಲಿ. ತೊಟ್ಟಿಲಿಗೆ ದಿನ ಗೊತ್ತಾಗಿದೆ, ಹೆಸರು ಮಾತ್ರ ಗೊತ್ತಾಗಿಲ್ಲ.

ಇಂಥವರಿಗೆ ಹೆಸರಿನ ಕೊರತೆ ಇರುವುದಿಲ್ಲ, ಇಬ್ಬರ ಬಳಿಯೂ ಒಂದೊಂದು ಹೆಸರು ಇದ್ದೇ ಇರುತ್ತದೆ. ಕೆಡುವುದು ಕೆಲಸದ ಕ್ರಮ. ಮೊದಲು ಒಂದು ಹೆಸರು ಹಿಡಿದುಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಕಾರಣ ಹುಡುಕುತ್ತಾರೆ, ಕೊನೆಗೆ ಯಾರ ಮಾತು ನಡೆಯಬೇಕೆಂದು ಹಟಕ್ಕೆ ಬೀಳುತ್ತಾರೆ. ಇದನ್ನು ತಿರುಗಿಸಿ ಹಾಕಬೇಕು. ತೀರ್ಮಾನ ಯಾರದು ಎಂಬುದು ಮೊದಲು, ಷರತ್ತುಗಳು ಎರಡನೆಯದು, ಹೆಸರು ಮೂರನೆಯದು, ಸರಕಾರಿ ಕಾಗದ ಕಟ್ಟಕಡೆಗೆ.

ಕೈಯಲ್ಲಿ ಇರಬೇಕಾದವು

ಒಂದು ನೋಟುಪುಸ್ತಕ, ಎರಡು ಪೆನ್ನು. ಆಸ್ಪತ್ರೆಯವರು ಬರೆದುಕೊಟ್ಟ ಹುಟ್ಟಿದ ದಿನಾಂಕ ಮತ್ತು ವೇಳೆ (ಅಜ್ಜಿ ಗೋಡೆ ಗಡಿಯಾರ ನೋಡಿ ನೆನಪಿಟ್ಟುಕೊಂಡ ವೇಳೆ ಸಾಲದು). ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ಇಬ್ಬರ ಆಧಾರ್, ಇಬ್ಬರ ಹತ್ತನೆಯ ತರಗತಿಯ ಅಂಕಪಟ್ಟಿ. ಅಂಕಪಟ್ಟಿ ಏಕೆ ಎಂಬುದು ಕೊನೆಯ ಹಂತದಲ್ಲಿ ತಿಳಿಯುತ್ತದೆ. ಇದರ ಜೊತೆಗೆ ಎರಡೂ ಮನೆಗಳಲ್ಲಿ ಈಗಾಗಲೇ ಇರುವ ಹೆಣ್ಣುಮಕ್ಕಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ದೊಡ್ಡಪ್ಪನ ಮೊಮ್ಮಗಳಿಗೆ ಇಟ್ಟ ಹೆಸರನ್ನೇ ಇಟ್ಟು ಮನಸ್ತಾಪ ಕಟ್ಟಿಕೊಂಡ ಮನೆಗಳು ಕಡಿಮೆಯೇನಲ್ಲ.

ಹಂತ 1: ನೋಂದಣಿ ಬೇರೆ, ಹೆಸರು ಬೇರೆ

ಜನನವನ್ನು 21 ದಿನಗಳೊಳಗೆ ವರದಿ ಮಾಡಿಸಬೇಕು. ಆದರೆ ಆ ವರದಿಯಲ್ಲಿ ಹೆಸರು ಇರಲೇಬೇಕೆಂದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರನ್ನು ಆಮೇಲೆ ಸೇರಿಸಲು ಪ್ರತ್ಯೇಕ ಅವಕಾಶವೇ ಇದೆ. ಕರ್ನಾಟಕದಲ್ಲಿ ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಅದು ದಾಟಿದರೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಹದಿನೈದು ವರ್ಷ ಕಾಯಿರಿ ಎಂದು ಇದರ ಅರ್ಥವಲ್ಲ. ಡಿಸ್ಚಾರ್ಜ್ ದಿನ ಬ್ಯಾಗು ಕಟ್ಟುತ್ತಾ ಹೆಸರು ತೀರ್ಮಾನಿಸುವ ಒತ್ತಡ ಯಾರ ಮೇಲೂ ಇಲ್ಲ, ಅಷ್ಟೆ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ವರದಿ ಮಾಡುವ ಹೊಣೆ ಆಸ್ಪತ್ರೆಯದು, ಮನೆಯಲ್ಲಾದರೆ ಮನೆಯ ಯಜಮಾನರದು. ನೋಂದಣಿ ನಡೆಯುವುದು ಮಗು ಹುಟ್ಟಿದ ಊರಿನಲ್ಲಿ, ನೀವು ವಾಸಿಸುವ ಊರಿನಲ್ಲಲ್ಲ. ಗಂಡನ ಮನೆ ಬಳ್ಳಾರಿ, ತವರು ಗಂಗಾವತಿ, ಹೆರಿಗೆ ಗಂಗಾವತಿಯಲ್ಲಿ ಆಯಿತು ಎಂದರೆ ಹೆಸರು ಸೇರಿಸಲು ಬಳ್ಳಾರಿಯ ಕಚೇರಿ ಅಲೆದು ಪ್ರಯೋಜನವಿಲ್ಲ. ತವರು ಆದೋನಿಯೋ ಗದ್ವಾಲವೋ ಆಗಿದ್ದರೆ ದಾಖಲೆ ಆಂಧ್ರ ಅಥವಾ ತೆಲಂಗಾಣದ್ದಾಗುತ್ತದೆ, ಕನ್ನಡದ ಜಾಗದಲ್ಲಿ ತೆಲುಗು ಬರುತ್ತದೆ. ಆಗ ಇಂಗ್ಲಿಷ್ ಅಕ್ಷರಗಳ ಮೇಲೆ ಇಮ್ಮಡಿ ಗಮನ ಬೇಕು.

*ಸಾಮಾನ್ಯ ತಪ್ಪು:* ವಾರ್ಡಿನಲ್ಲಿ ಸಿಬ್ಬಂದಿ "ಹೆಸರು ಏನು ಬರೆಯಲಿ?" ಎಂದು ಕೇಳುತ್ತಾರೆ. ತಾಯಿ ಮಲಗಿದ್ದಾಳೆ, ತಂದೆ ಔಷಧಿ ತರಲು ಹೋಗಿದ್ದಾನೆ. ಪಕ್ಕದಲ್ಲಿದ್ದ ಯಾರೋ ಒಬ್ಬರು ಬಾಯಿಗೆ ಬಂದ ಹೆಸರು ಹೇಳಿಬಿಡುತ್ತಾರೆ. ಹೆರಿಗೆಗೆ ಹೋಗುವ ಮೊದಲೇ ಜೊತೆಗಿರುವವರಿಗೆ ಒಂದು ಮಾತು ಹೇಳಿಡಿ: "ಹೆಸರಿನ ಜಾಗ ಖಾಲಿ ಬಿಡಿಸಿ. ತಂದೆ ತಾಯಿಯ ಹೆಸರು, ವಿಳಾಸ ಮಾತ್ರ ಸರಿಯಾಗಿ ಬರೆಸಿ."

*ಎಚ್ಚರಿಕೆಯ ಗುರುತು:* "ಸದ್ಯಕ್ಕೆ ಯಾವುದೋ ಒಂದು ಬರೆಸೋಣ, ಆಮೇಲೆ ಬದಲಾಯಿಸಿದರಾಯಿತು" ಎಂಬ ಮಾತು ಕೇಳಿಸಿದರೆ ಅಲ್ಲೇ ತಡೆಯಿರಿ. ಬರೆಯುವಾಗ ಆದ ಅಕ್ಷರದ ತಪ್ಪನ್ನು ತಿದ್ದಿಸಲು ಕಾಯ್ದೆಯಲ್ಲಿ ದಾರಿ ಇದೆ. ಸರಿಯಾಗಿಯೇ ಬರೆದ ಹೆಸರು ಈಗ ಬೇಡವಾಯಿತು ಎಂದರೆ ಅದು ತಪ್ಪು ತಿದ್ದುವ ಕೆಲಸವಲ್ಲ, ಅಲ್ಲಿಂದ ಅಲೆದಾಟ ಶುರು. ಖಾಲಿ ಜಾಗ ತುಂಬುವುದು ಸುಲಭ, ತುಂಬಿದ್ದನ್ನು ಖಾಲಿ ಮಾಡಿಸುವುದು ಕಷ್ಟ.

ಹಂತ 2: ಮತ ಎರಡೇ ಎಂದು ಮೊದಲೇ ಹೇಳಿಬಿಡಿ

ಸಲಹೆ ಯಾರು ಬೇಕಾದರೂ ಕೊಡಬಹುದು. ತೀರ್ಮಾನ ಇಬ್ಬರದು, ತಂದೆಯದು ಮತ್ತು ತಾಯಿಯದು. ಇದನ್ನು ಜಗಳ ಬಂದ ಮೇಲೆ ಹೇಳಿದರೆ ಎದುರುತ್ತರ ಕೊಟ್ಟಂತೆ ಕೇಳಿಸುತ್ತದೆ, ಮೊದಲೇ ಹೇಳಿದರೆ ಮನೆಯ ಕ್ರಮವಾಗುತ್ತದೆ. ಗಂಡನ ಮನೆಯವರಿಗೆ ಗಂಡನೇ ಹೇಳಬೇಕು, ಹೆಂಡತಿಯ ತವರಿಗೆ ಹೆಂಡತಿಯೇ ಹೇಳಬೇಕು. ಸೊಸೆಯ ಬಾಯಿಂದ ಅತ್ತೆಗೆ ಈ ಮಾತು ಹೇಳಿಸುವ ಗಂಡ ಕೆಲಸ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದೇ ನನ್ನ ಲೆಕ್ಕ.

ಸೋದರತ್ತೆಯ ವಿಷಯ ಸ್ವಲ್ಪ ನಾಜೂಕು. ನಮ್ಮ ಕಡೆ ತೊಟ್ಟಿಲ ದಿನ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವ ಗೌರವ ಅವರದು. ಹೇಳುವ ಹಕ್ಕು ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ಆರಿಸುವ ಹಕ್ಕಾಗಿಬಿಡುತ್ತದೆ. ಅವರು ಮನಸ್ಸಿನಲ್ಲಿ ಒಂದು ಹೆಸರು ಇಟ್ಟುಕೊಂಡು, ಅದಕ್ಕೆ ತಕ್ಕ ಬೆಳ್ಳಿಯ ಸಾಮಾನು ಮಾಡಿಸಿಕೊಂಡು ಬರುವ ಮುನ್ನ ತಮ್ಮನೇ ಫೋನ್ ಮಾಡಬೇಕು: "ಅಕ್ಕಾ, ಕಿವಿಯಲ್ಲಿ ಹೇಳುವವಳು ನೀನೇ. ನಿನಗೆ ಇಷ್ಟವಾದ ಮೂರು ಹೆಸರು ಕೊಡು, ನಮ್ಮ ಪಟ್ಟಿಯಲ್ಲಿ ಸೇರಿಸಿ ನೋಡುತ್ತೇವೆ." ಮೂರು ಎಂದು ಕೇಳುವುದರಲ್ಲಿ ಒಂದು ಉಪಾಯವಿದೆ. ಒಂದೇ ಹೆಸರು ಕೊಟ್ಟವರು ಅದು ಬಿದ್ದರೆ ಮುನಿಸಿಕೊಳ್ಳುತ್ತಾರೆ, ಮೂರು ಕೊಟ್ಟವರಿಗೆ ಅಷ್ಟು ನೋವಾಗುವುದಿಲ್ಲ.

*ಸಾಮಾನ್ಯ ತಪ್ಪು:* ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಐದು ಹೆಸರು ಹಾಕಿ ಮತ ಕೇಳುವುದು. ನಲವತ್ತು ಜನ ಮತ ಹಾಕಿದ ಮೇಲೆ ಅದನ್ನು ಬಿಟ್ಟು ಬೇರೆ ಹೆಸರು ಇಟ್ಟರೆ ನಲವತ್ತು ಜನಕ್ಕೂ ಅಸಮಾಧಾನ.

ಮಾತಿನ ವೇಳೆಯೂ ಮುಖ್ಯ. ಪಾಳಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವ ಗಂಡನೂ, ಎರಡು ಗಂಟೆಗೊಮ್ಮೆ ಎದ್ದು ಹಾಲೂಡಿಸುತ್ತಿರುವ ಹೆಂಡತಿಯೂ ಆ ಹೊತ್ತಿನಲ್ಲಿ ಯಾವುದನ್ನೂ ತೀರ್ಮಾನಿಸಬಾರದು. ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚಿ, ಎರೆದು, ಅದು ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ. ಅದು ಸರಿಯಾದ ವೇಳೆ.

*ಎಚ್ಚರಿಕೆಯ ಗುರುತು:* ಹೆಸರಿನ ಮಾತು ಬಂದಾಗಲೆಲ್ಲ ಬಾಣಂತಿ ಅಳುತ್ತಾಳೆ, ಅಥವಾ "ಏನಾದರೂ ಇಡಿ, ನನಗೇನು" ಎಂದು ಕೈಚೆಲ್ಲುತ್ತಾಳೆ, ನಿದ್ದೆ ಊಟ ಬಿಟ್ಟಿದ್ದಾಳೆ, ಇದು ಎರಡು ವಾರ ದಾಟಿದರೂ ಇಳಿದಿಲ್ಲ ಎಂದರೆ ವಿಷಯ ಹೆಸರಿನದಲ್ಲ. ಹೆರಿಗೆಯ ನಂತರದ ಖಿನ್ನತೆ ಇರಬಹುದು. ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹೆಸರು ಕಾಯುತ್ತದೆ, ಇದು ಕಾಯುವಂಥದ್ದಲ್ಲ.

ಹಂತ 3: ಹೆಸರಿಗಿಂತ ಮೊದಲು ಷರತ್ತು ಬರೆಯಿರಿ

ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಬೇಕು. ಬೇಕೇ ಬೇಕು ಎನ್ನುವ ಷರತ್ತು ಹೆಚ್ಚೆಂದರೆ ಎರಡು, ಬೇಡವೇ ಬೇಡ ಎನ್ನುವುದು ಹೆಚ್ಚೆಂದರೆ ಎರಡು. ಅದಕ್ಕಿಂತ ಹೆಚ್ಚು ಬರೆದರೆ ಅದು ಷರತ್ತಲ್ಲ, ಒಂದೇ ಹೆಸರನ್ನು ಸುತ್ತಿ ಬೇಲಿ ಹಾಕಿದಂತೆ. ಬರೆದ ಮೇಲೆ ಹಾಳೆ ಬದಲಾಯಿಸಿಕೊಳ್ಳಿ. ಇಬ್ಬರ ಷರತ್ತುಗಳೂ ಒಂದಕ್ಕೊಂದು ಅಡ್ಡ ಬಂದರೆ ಆ ಒಂದು ವಿಷಯವನ್ನು ಇಲ್ಲೇ ಬಗೆಹರಿಸಬೇಕು, ಮುಂದಕ್ಕೆ ಒಯ್ಯಬಾರದು. ಹೆಚ್ಚಾಗಿ ಅಡ್ಡ ಬರುವುದು ಎರಡು.

ಒಂದು, ನಕ್ಷತ್ರದ ಅಕ್ಷರ. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಒಂದು ಪಾದ ಸುಮಾರು ಆರು ಗಂಟೆ ಇರುತ್ತದೆ. ಹಾಗಾಗಿ ಹುಟ್ಟಿದ ವೇಳೆಯಲ್ಲಿ ಹತ್ತು ನಿಮಿಷ ಹಿಂದೆ ಮುಂದೆ ಆದರೆ ಸಾಮಾನ್ಯವಾಗಿ ಅಕ್ಷರ ಬದಲಾಗುವುದಿಲ್ಲ, ಪಾದದ ಅಂಚಿನಲ್ಲಿ ಹುಟ್ಟಿದ ಮಗುವಿಗೆ ಮಾತ್ರ ಬದಲಾಗಬಹುದು. ಅಂಚಿನ ಮಕ್ಕಳ ವಿಷಯದಲ್ಲಿ ಒಂದು ಪಂಚಾಂಗ ಒಂದು ಅಕ್ಷರ ಹೇಳಿದರೆ ಇನ್ನೊಂದು ಪಂಚಾಂಗ ಇನ್ನೊಂದು ಹೇಳುವುದುಂಟು, ಏಕೆಂದರೆ ಅವುಗಳ ಗಣಿತ ಬೇರೆ. ಈಗ ಗಂಡನ ಮನೆಯವರು ತಮ್ಮ ಆಚಾರರನ್ನು ಕೇಳಿ, ತವರಿನವರು ತಮ್ಮ ಅಯ್ಯನವರನ್ನು ಕೇಳಿ, ಎರಡು ಅಕ್ಷರ ಹಿಡಿದು ಕುಳಿತರೆ? ಕೇಳುವುದು ಒಬ್ಬರನ್ನೇ ಎಂದು ನಿರ್ಧರಿಸಿಕೊಂಡು, ಆಸ್ಪತ್ರೆಯ ವೇಳೆಯನ್ನೇ ಕೊಟ್ಟು ಕೇಳಿ.

ಕೆಲವು ಅಕ್ಷರಗಳು ಹಟ ಹಿಡಿದಂತೆ ಕೂರುತ್ತವೆ. ಹಸ್ತ ನಕ್ಷತ್ರಕ್ಕೆ ಣ, ಠ ಬರುತ್ತವೆ. ಆರ್ದ್ರೆಗೆ ಙ, ಛ ಬರುತ್ತವೆ. ಙ ಅಕ್ಷರದಿಂದ ಶುರುವಾಗುವ ಹೆಸರನ್ನು ಯಾರೂ ಇಟ್ಟಿಲ್ಲ, ನೀವೂ ಹುಡುಕಬೇಡಿ. ಇಂಥ ಕಡೆ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ನಡೆಯುತ್ತದೆಯೇ ಎಂದು ಪುರೋಹಿತರನ್ನೇ ಕೇಳಿ, ಬಹುಪಾಲು ಜನ ಒಪ್ಪುತ್ತಾರೆ. ಇನ್ನೂ ಸುಲಭದ ದಾರಿ, ನಕ್ಷತ್ರದ ಹೆಸರನ್ನು ಕಿವಿಯಲ್ಲಿ ಹೇಳುವ ಜನ್ಮನಾಮವಾಗಿ ಇಟ್ಟು, ಕರೆಯುವ ಹೆಸರನ್ನು ಬೇರೆ ಇಡುವುದು. ಹಿಂದಿನಿಂದಲೂ ಎಷ್ಟೋ ಮನೆಗಳಲ್ಲಿ ನಡೆದುಬಂದದ್ದು ಇದೇ. ಒಬ್ಬರಿಗೆ ನಕ್ಷತ್ರ ಬೇಕು, ಇನ್ನೊಬ್ಬರಿಗೆ ಬೇಡ ಎನ್ನುವ ದಂಪತಿಗಳಿಗೆ ಇದಕ್ಕಿಂತ ಒಳ್ಳೆಯ ಹಾದಿ ನನಗೆ ಕಂಡಿಲ್ಲ.

ಎರಡು, ಹರಕೆ. ಮಗುವಾದರೆ ನಿನ್ನ ಹೆಸರು ಇಡುತ್ತೇನೆ ಎಂದು ಹುಲಿಗಿಯಲ್ಲಿ ಹುಲಿಗೆಮ್ಮನಿಗೋ, ಬಳ್ಳಾರಿಯಲ್ಲಿ ಕನಕದುರ್ಗಮ್ಮನಿಗೋ, ಗುರುಗುಂಟದಲ್ಲಿ ಅಮರೇಶ್ವರನಿಗೋ, ಮೊಹರಂನಲ್ಲಿ ಪೀರಲ ದೇವರಿಗೋ ಯಾರೋ ಬೇಡಿಕೊಂಡಿರುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಹಿಂದೂ ಮನೆಗಳಲ್ಲೂ ಹುಸೇನಮ್ಮ, ಫಕೀರಮ್ಮ ಇರುವುದು ಹೀಗೆಯೇ. ಬೇಡಿಕೊಂಡವರು ಯಾರು, ಏನೆಂದು ಬೇಡಿಕೊಂಡರು ಎಂದು ನೇರವಾಗಿ ಕೇಳಿ. ಬೇಡಿಕೊಂಡದ್ದು "ಹೆಸರು ಇಡುತ್ತೇನೆ" ಎಂದೇ ಹೊರತು "ಆಧಾರ್‌ನಲ್ಲಿ ಬರೆಸುತ್ತೇನೆ" ಎಂದಲ್ಲ. ತೊಟ್ಟಿಲಲ್ಲಿ ಮೊದಲು ದೇವರ ಹೆಸರು ಕೂಗಿ, ನಂತರ ಕರೆಯುವ ಹೆಸರು ಕೂಗಿದರೆ ಹರಕೆ ತೀರಿತೆಂದು ಹಿರಿಯರೇ ಒಪ್ಪುತ್ತಾರೆ. ತೊಟ್ಟಿಲಿಗೆ ನಾಲ್ಕು ದಿನ ಮೊದಲು ಕೇಳಬೇಕು, ಅಲ್ಲಿ ನಿಂತು ಕೇಳಬಾರದು.

*ಎಚ್ಚರಿಕೆಯ ಗುರುತು:* ಮುಂದಿನದು ಗಂಡಾಗಲಿ ಎಂಬ ಲೆಕ್ಕದಿಂದ ಈ ಮಗುವಿಗೆ ಸಾಕಮ್ಮ, ಬೇಡಮ್ಮ ಎಂಬಂಥ ಹೆಸರು ಸೂಚಿಸುವ ಹಿರಿಯರು ಇನ್ನೂ ಇದ್ದಾರೆ. ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಡಿ. ಇಲ್ಲ ಎಂದು ತಂದೆ ಹೇಳಬೇಕು, ಅಲ್ಲಿಗೆ ಮುಗಿಯಬೇಕು.

ಹಂತ 4: ಅಜ್ಜಿಯ ಹೆಸರು, ಮುತ್ಯಾನ ಹಟ

ಇದಕ್ಕೆ ಬೇರೆ ಹಂತವೇ ಬೇಕು. ತೀರಿಹೋದ ಅಜ್ಜಿಯ ಹೆಸರು ಇಡಬೇಕೆಂದು ಮುತ್ಯಾ ಕೇಳುತ್ತಾರೆ. ಹೆಸರು ಶರಣಮ್ಮನೋ ಹಂಪಮ್ಮನೋ ಮಲ್ಲಮ್ಮನೋ ಆಗಿರುತ್ತದೆ. ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ ಎಂದು ತಾಯಿ ಹೆದರುತ್ತಾಳೆ. ಮುತ್ಯಾ ಕೇಳುತ್ತಿರುವುದು ಹೆಂಡತಿಯ ನೆನಪು ಮನೆಯಲ್ಲಿ ಉಳಿಯಲಿ ಎಂದು, ತಾಯಿ ನೋಡುತ್ತಿರುವುದು ಹಾಜರಿ ಪುಸ್ತಕವನ್ನು. ಎರಡಕ್ಕೂ ಜಾಗ ಇದೆ.

ದಾರಿಗಳು ಮೂರು. ಮೊದಲನೆಯದು, ಹಳೆಯ ಹೆಸರಿನ ಬೇರಿನಿಂದಲೇ ಹೊರಟ ಇನ್ನೊಂದು ಹೆಸರು ಹಿಡಿಯುವುದು. ಶರಣಮ್ಮನಿಂದ ಶರಣ್ಯಾ, ಮಲ್ಲಮ್ಮನಿಂದ ಮಲ್ಲಿಕಾ, ಅಮರಮ್ಮನಿಂದ ಅಮರಾ. ಹಂಪಮ್ಮನಿಂದ ಪಂಪಾ ಆಗುತ್ತದೆ. ಪಂಪೆಯೇ ಹಂಪೆಯಾದದ್ದು, ತುಂಗಭದ್ರೆಗೂ ಅದೇ ಹಳೆಯ ಹೆಸರು. ಗಂಗಮ್ಮನ ಮೊಮ್ಮಗಳು ಜಾಹ್ನವಿಯಾಗಬಹುದು. ಇಂಥ ಹೆಸರು ಹಿಡಿದರೆ ಅದರ ಸಂಬಂಧವನ್ನು ಮುತ್ಯಾಗೆ ಕೂತು ಬಿಡಿಸಿ ಹೇಳಬೇಕು. ಹೇಳದೆ ಇಟ್ಟರೆ ಅವರ ಪಾಲಿಗೆ ಅದು ಹೊಸ ಹೆಸರೇ.

ಎರಡನೆಯದು, ಹಳೆಯ ಹೆಸರನ್ನು ಹಾಗೆಯೇ ಮನೆಯಲ್ಲಿ ಕರೆಯುವ ಹೆಸರಾಗಿ ಇಡುವುದು. ಒಂದು ಷರತ್ತಿನ ಮೇಲೆ: ನಿಜವಾಗಿ ಕರೆಯಬೇಕು. ಸಮಾಧಾನಕ್ಕೆ ಒಪ್ಪಿ ಆಮೇಲೆ ಯಾರೂ ಕರೆಯದಿದ್ದರೆ ಆರು ತಿಂಗಳಲ್ಲಿ ಅದೇ ಮನೆಯ ಬೇಸರವಾಗುತ್ತದೆ.

ಮೂರನೆಯದನ್ನು ಜನ ಯೋಚಿಸುವುದೇ ಇಲ್ಲ. ಹಳೆಯ ಹೆಸರನ್ನೇ ಇಟ್ಟುಬಿಡಿ. ಐದಾರು ಅಕ್ಷರದ ಸಂಸ್ಕೃತದ ಹೆಸರು ಹೊತ್ತ ಇಪ್ಪತ್ತು ಹುಡುಗಿಯರ ನಡುವೆ ಒಬ್ಬ ಗಂಗಮ್ಮ ಇದ್ದರೆ ಆಡಿಕೊಳ್ಳುವುದು ಒಂದು ವಾರ, ನೆನಪಿಟ್ಟುಕೊಳ್ಳುವುದು ಕೊನೆಯವರೆಗೆ. ಇದು ನನ್ನ ಪಕ್ಷಪಾತ, ನಿಮಗೆ ಒಪ್ಪಿಗೆಯಾಗಬೇಕೆಂದಿಲ್ಲ.

*ಸಾಮಾನ್ಯ ತಪ್ಪು:* ಅಪ್ಪನ ಹೆಸರಿನ ಅರ್ಧ, ಅಮ್ಮನ ಹೆಸರಿನ ಅರ್ಧ ಅಂಟಿಸಿ ಹೊಸ ಹೆಸರು ಕಟ್ಟುವುದು. ಇಬ್ಬರಿಗೂ ನ್ಯಾಯ ಸಿಕ್ಕಿತೆಂದು ದಂಪತಿಗೆ ಅನ್ನಿಸುತ್ತದೆ. ಜೀವನವಿಡೀ ಅಕ್ಷರ ಬಿಡಿಸಿ ಹೇಳುವವಳು ಮಗಳು.

ಹಂತ 5: ಪಟ್ಟಿ, ಅದಲುಬದಲು, ಮೌನವಾಗಿ ಹೊಡೆದುಹಾಕುವುದು

ಷರತ್ತು ಬಗೆಹರಿದ ಮೇಲೆ ಇಬ್ಬರೂ ಹತ್ತು ಹತ್ತು ಹೆಸರು ಬರೆಯಿರಿ. ಸೋದರತ್ತೆಯ ಮೂರು, ಅಜ್ಜಿಯ ಮೂರು ಇದ್ದರೆ ಅವನ್ನೂ ಸೇರಿಸಿ, ಯಾರು ಕೊಟ್ಟದ್ದೆಂದು ಬರೆಯಬೇಡಿ. ಹಾಳೆ ಬದಲಾಯಿಸಿಕೊಂಡು, ಬೇಡವಾದುದನ್ನು ಹೊಡೆದುಹಾಕಿ. ಏಕೆ ಹೊಡೆದೆ ಎಂದು ಕೇಳುವಂತಿಲ್ಲ. ಶಾಲೆಯಲ್ಲಿ ಕಾಟ ಕೊಟ್ಟ ಹುಡುಗಿಯ ಹೆಸರೋ, ಹಳೆಯ ಸಂಬಂಧದ ನೆನಪೋ ಏನೋ ಇರುತ್ತದೆ. ಕಾರಣ ಕೇಳಿದ ತಕ್ಷಣ ಹೆಸರಿನ ಚರ್ಚೆ ವಿಚಾರಣೆಯಾಗುತ್ತದೆ.

ಉಳಿದವು ಮೂರರಿಂದ ಐದು ಇದ್ದರೆ ಮುಂದಿನ ಹಂತಕ್ಕೆ ಹೋಗಿ. ಒಂದೂ ಉಳಿಯದಿದ್ದರೆ ಮೂರು ದಿನ ಬಿಟ್ಟು ಹೊಸ ಪಟ್ಟಿ ಮಾಡಿ. ಹಳೆಯ ಪಟ್ಟಿಯ ಹೆಸರನ್ನು ಮತ್ತೆ ತರಬಾರದು.

ಹಂತ 6: ಉಳಿದ ಹೆಸರುಗಳನ್ನು ಪರೀಕ್ಷಿಸಿ

ಮನಸ್ಸಿನಲ್ಲಿ ಓದಿದಾಗ ಎಲ್ಲ ಹೆಸರೂ ಚೆಂದ. ಬಾಯಲ್ಲಿ, ಕಾಗದದಲ್ಲಿ, ಬೇರೆಯವರ ನಾಲಿಗೆಯಲ್ಲಿ ನೋಡಬೇಕು.

ಕೂಗಿ ನೋಡಿ. ಅಂಗಳದಿಂದ ಬೀದಿಗೆ ಕೇಳುವಂತೆ ಪೂರ್ತಿ ಹೆಸರು ಕೂಗಿ. ಮೂರು ಸಲ ಕೂಗುವುದರಲ್ಲಿ ನೀವೇ ಮೊಟಕು ಮಾಡಿದ್ದರೆ, ಆ ಮೊಟಕು ರೂಪವೇ ನಾಳೆ ನಿಂತುಬಿಡುತ್ತದೆ. ಅದು ಇಬ್ಬರಿಗೂ ಹಿಡಿಸುತ್ತದೆಯೇ?

ಮನೆಯ ಹಿರಿಯರಿಂದ ಹೇಳಿಸಿ. ಹೊಲದ ಕಡೆಯ ನಾಲಿಗೆಯಲ್ಲಿ ಮೊದಲಕ್ಷರದ ಹ ಉದುರುತ್ತದೆ, ಶ ಇದ್ದದ್ದು ಸ ಆಗುತ್ತದೆ. ಹರ್ಷಿತಾ ಅರ್ಸಿತಾ ಆಗುವುದು ಅಪರೂಪವೇನಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ತಿದ್ದುತ್ತಲೇ ಇರುತ್ತೀರಾದರೆ ಆ ಹೆಸರು ನಿಮ್ಮ ಮನೆಗೆ ಹೊಂದುವುದಿಲ್ಲ. ಸಿರುಗುಪ್ಪ, ಬಳ್ಳಾರಿ, ರಾಯಚೂರಿನ ಗಡಿಯವರು ತೆಲುಗಿನ ಒಬ್ಬರಿಂದಲೂ ಉರ್ದುವಿನ ಒಬ್ಬರಿಂದಲೂ ಹೇಳಿಸಿ, ಬೇರೆ ಅರ್ಥ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಪಕ್ಕದ ಮನೆಯವರು ನಿಮಿಷದಲ್ಲಿ ಹೇಳುತ್ತಾರೆ.

ಅರ್ಥ ಪರಿಶೀಲಿಸಿ. ಮೊಬೈಲಿನ ಪಟ್ಟಿಗಳಿಗೆ ಪ್ರತಿ ಹೆಸರೂ ಲಕ್ಷ್ಮಿ, ಇಲ್ಲವೇ ಬೆಳಕು, ಇಲ್ಲವೇ ದೇವರ ಕೊಡುಗೆ. ಒಳ್ಳೆಯ ನಿಘಂಟು ತೆಗೆದು ನೋಡಿ, ಅಥವಾ ಹೈಸ್ಕೂಲಿನ ಕನ್ನಡ ಮೇಷ್ಟ್ರನ್ನು ಕೇಳಿ. ಅಕ್ಷರವೂ ಅಲ್ಲೇ ತಿಳಿಯುತ್ತದೆ: ನಕ್ಷತ್ರದ ಹೆಸರು ಇಡಬೇಕೆಂದು ಹೊರಟವರು ಕೃತ್ತಿಕಾ ಎಂದು ಬರೆಯುವ ಬದಲು ಕೃತಿಕಾ ಎಂದು ಬರೆಸಿಬಿಡುತ್ತಾರೆ.

ಇಂಗ್ಲಿಷಿನಲ್ಲಿ ಬರೆದು ನೋಡಿ. ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಅಮೃತಾ, ಗೀತಾ, ಲತಾ ಎಂಬಲ್ಲಿ ತಕಾರಕ್ಕೆ ಬರಿಯ 'ಟಿ' ಬರೆಯುತ್ತೀರಾ, 'ಟಿ' ಪಕ್ಕದಲ್ಲಿ 'ಎಚ್' ಬರೆಯುತ್ತೀರಾ? ನಮ್ಮ ಕಡೆ 'ಎಚ್' ಸೇರಿಸುವುದು ವಾಡಿಕೆ, ಉತ್ತರದಲ್ಲಿ ಸೇರಿಸುವುದಿಲ್ಲ. ಶ್ರೀ ಎಂಬುದಕ್ಕೆ ಮೂರು ನಾಲ್ಕು ರೂಪಗಳಿವೆ. ಕೊನೆಯ ದೀರ್ಘಕ್ಕೆ ಒಂದು 'ಎ' ಸಾಕೇ, ಎರಡು ಬೇಕೇ? ಯಾವುದು ಸರಿ ಎಂದು ವಾದ ಬೇಡ. ಒಂದನ್ನು ಆರಿಸಿ ನೋಟುಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸಂಖ್ಯಾಶಾಸ್ತ್ರದವರ ಮಾತು ಕೇಳಿ ನಡುವೆ ಒಂದು ಅಕ್ಷರ ಹೆಚ್ಚಿಗೆ ಸೇರಿಸುವುದಿದ್ದರೆ ಅದನ್ನೂ ಈಗಲೇ ಸೇರಿಸಿ. ಪ್ರಮಾಣಪತ್ರ ಬಂದ ಮೇಲೆ ಸೇರಿಸುವ ಅದೃಷ್ಟಕ್ಕೆ ಖರ್ಚು ಜಾಸ್ತಿ.

ಇನಿಷಿಯಲ್ ಮತ್ತು ಮನೆತನದ ಹೆಸರು. ಊರ ಹೆಸರು, ಮನೆತನ, ತಂದೆಯ ಹೆಸರು ಇವುಗಳಲ್ಲಿ ಯಾವುದನ್ನು ಸೇರಿಸುತ್ತೀರಿ, ಹೆಸರಿನ ಮುಂದೆಯೋ ಹಿಂದೆಯೋ, ಬಿಡಿಸಿ ಬರೆಯುತ್ತೀರೋ ಒಂದಕ್ಷರವೋ? ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೂ ಕುಲನಾಮಕ್ಕೂ ಬೇರೆ ಬೇರೆ ಜಾಗವಿದೆ. ಒಂದೇ ಅಕ್ಷರದ ಇನಿಷಿಯಲ್ ಅಲ್ಲಿ ತಲೆನೋವು, ಬಿಡಿಸಿ ಬರೆಯುವುದು ಒಳ್ಳೆಯದು.

ಹಂತ 7: ಎರಡು ಹೆಸರಿನ ಮೇಲೆ ಗಾಡಿ ನಿಂತರೆ

ಅವಳಿಗೆ ಒಂದು, ಅವನಿಗೆ ಒಂದು. ಇದು ಬಹುತೇಕ ಎಲ್ಲರಿಗೂ ಬರುವ ಘಟ್ಟ, ಹೆದರಬೇಡಿ. ಒಂದು ವಾರ ಎರಡೂ ಹೆಸರನ್ನು ಬಳಸಿ. ಸೋಮವಾರದಿಂದ ಬುಧವಾರದವರೆಗೆ ಇಬ್ಬರೂ ಒಂದು ಹೆಸರಿನಿಂದ ಮಾತ್ರ ಮಗುವನ್ನು ಕರೆಯಬೇಕು, ಗುರುವಾರದಿಂದ ಶನಿವಾರದವರೆಗೆ ಇನ್ನೊಂದರಿಂದ. ಹೊರಗಿನವರಿಗೆ ಹೇಳಬಾರದು. ವಾರದ ಕೊನೆಗೆ ಒಂದು ಹೆಸರು ಬಾಯಿಗೆ ತಾನಾಗಿ ಬರುತ್ತಿರುತ್ತದೆ.

ಆಗಲೂ ನಿಲ್ಲದಿದ್ದರೆ ಕೊಡುಕೊಳ್ಳುವಿಕೆ. ದಾಖಲೆಯ ಹೆಸರು ಒಬ್ಬರದು, ಮನೆಯ ಹೆಸರು ಇನ್ನೊಬ್ಬರದು. ದಾಖಲೆಯ ಹೆಸರು ಯಾರಿಗೆ ಸಿಗಬೇಕು? ತಂದೆಯ ಇನಿಷಿಯಲ್ಲೋ ಮನೆತನವೋ ಮಗಳ ಹೆಸರಿಗೆ ಹೇಗೂ ಸೇರುವುದಿದ್ದರೆ ಮೊದಲ ಹೆಸರು ತಾಯಿಯ ಆಯ್ಕೆಯಾಗಲಿ ಎನ್ನುವುದು ನ್ಯಾಯ. "ಮುಂದಿನ ಮಗುವಿಗೆ ನಿನ್ನ ಹೆಸರು" ಎಂಬ ಸಾಲದ ಒಪ್ಪಂದ ಮಾತ್ರ ಬೇಡ. ಹುಟ್ಟದ ಮಗುವನ್ನು ಅಡವಿಟ್ಟು ಈ ಮಗುವಿನ ಜಗಳ ತೀರಿಸಬಾರದು.

ಕಡೆಯ ಉಪಾಯ ಚೀಟಿ. ದೇವರ ಮುಂದೆ ಚೀಟಿ ಹಾಕಿ ಎತ್ತುವುದು, ಹೂವಿನ ಪ್ರಸಾದ ಕೇಳುವುದು ನಮ್ಮಲ್ಲಿ ಹಳೆಯ ಪದ್ಧತಿ. ಆದರೆ ಇಬ್ಬರಿಗೂ ನಡೆದೀತು ಎನ್ನುವ ಹೆಸರುಗಳನ್ನು ಮಾತ್ರ ಚೀಟಿಯಲ್ಲಿ ಬರೆಯಿರಿ, ಎತ್ತುವುದು ಒಂದೇ ಸಲ.

*ಎಚ್ಚರಿಕೆಯ ಗುರುತು:* ಚೀಟಿ ಎತ್ತಿದ ಮೇಲೆ ಒಬ್ಬರ ಮುಖ ಕಪ್ಪಿಟ್ಟು "ಮೂರರಲ್ಲಿ ಎರಡು ಸಲ ಬಂದದ್ದು ಲೆಕ್ಕ" ಎಂದರೆ, ಆ ಹೆಸರಿಗೆ ಅವರು ಮೊದಲೇ ಒಪ್ಪಿರಲಿಲ್ಲ. ಹಂತ 5ಕ್ಕೆ ಹಿಂತಿರುಗಿ.

ಹಂತ 8: ತೊಟ್ಟಿಲ ದಿನ

12 ಅಥವಾ 13ನೆಯ ದಿನಕ್ಕೆ ಮಾಡುವವರಿದ್ದಾರೆ, ಮೂರು ಅಥವಾ ಐದು ತಿಂಗಳಿಗೆ ಮಾಡುವವರಿದ್ದಾರೆ. ಹೆಸರು ಒಪ್ಪಿಗೆಯಾಗದಿದ್ದರೆ ಮೂರು ತಿಂಗಳ ಪದ್ಧತಿ ಹಿಡಿಯಿರಿ. ಹೆಸರಿಲ್ಲದೆ ಆಮಂತ್ರಣ ಅಚ್ಚು ಹಾಕಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಹೆಸರನ್ನು ಒಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದು ಹಿಂದಿನ ದಿನವೇ ಸೋದರತ್ತೆಯ ಕೈಗೆ ಕೊಡಿ. ಗುಂಡುಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲ ಮೇಲೆ ಕೆಳಗೆ ಆಡಿಸಿ, ಮಗುವನ್ನು ಮಲಗಿಸಿ, ಅತ್ತೆ ಕಿವಿಯ ಬಳಿ ಬಗ್ಗಿದಾಗ ಹಿಂದಿನಿಂದ ಹೆಂಗಸರು ಬೆನ್ನಿಗೆ ಗುದ್ದುತ್ತಿರುತ್ತಾರೆ. ಆ ಗದ್ದಲದಲ್ಲಿ ನಾಲ್ಕಕ್ಷರದ ಹೊಸ ಹೆಸರು ನೆನಪಿಗೆ ಬರುವುದಿಲ್ಲ. ಜನ್ಮನಾಮ, ದೇವರ ಹೆಸರು, ಕರೆಯುವ ಹೆಸರು ಎಂದು ಮೂರಿದ್ದರೆ ಯಾವುದರ ನಂತರ ಯಾವುದು ಎಂದು ಚೀಟಿಯಲ್ಲಿ ಅಂಕಿ ಹಾಕಿ.

ಹಂತ 9: ಹೆಸರನ್ನು ದಾಖಲೆಗೆ ಸೇರಿಸುವುದು

ತೊಟ್ಟಿಲು ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಕೆಲಸ ಮುಗಿಯಿತೆಂದು ಕೂರುತ್ತಾರೆ. ಆಸ್ಪತ್ರೆಯಿಂದ ಮೊದಲೇ ತಂದ ಹೆಸರಿಲ್ಲದ ಪ್ರಮಾಣಪತ್ರವನ್ನು ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿಡುತ್ತಾರೆ. ಶಾಲೆಗೆ ಸೇರಿಸುವ ದಿನ ಹೆಸರಿನ ಜಾಗ ಖಾಲಿ ಇರುವುದು ಕಾಣುತ್ತದೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಪಟ್ಟಿ ಇವೆಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ಇದನ್ನು ಮುಂದೂಡಬೇಡಿ.

ಜನನ ನೋಂದಣಿಯಾದ ಕಚೇರಿಗೆ ತಂದೆ ತಾಯಿಯ ಆಧಾರ್, ಹಳೆಯ ಪ್ರಮಾಣಪತ್ರ ಒಯ್ದು ಹೆಸರು ಸೇರಿಸಲು ಅರ್ಜಿ ಕೊಡಿ. ಸಾಧ್ಯವಾದರೆ ಇಬ್ಬರೂ ಹೋಗಿ. ಒಬ್ಬರೇ ಹೋಗಿ ತಮಗೆ ಬೇಕಾದ ಹೆಸರು ಬರೆಸಿಕೊಂಡು ಬಂದರು ಎಂಬ ದೂರು ನಾನು ಕೇಳಿದ್ದೇನೆ, ಅಂಥ ಮನೆಯಲ್ಲಿ ಮುರಿದದ್ದು ಹೆಸರಿನ ಒಪ್ಪಂದವೊಂದೇ ಅಲ್ಲ. ಅರ್ಜಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ನಿಮ್ಮ ಕೈಯಿಂದಲೇ ಬಿಡಿ ಅಕ್ಷರಗಳಲ್ಲಿ ಬರೆಯಿರಿ. ಹಂತ 6ರಲ್ಲಿ ಸಹಿ ಹಾಕಿದ ಹಾಳೆ ಈಗ ಕೈಯಲ್ಲಿರಬೇಕು.

ತಂದೆ ತಾಯಿಯ ಹೆಸರನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ. ಅಂಕಪಟ್ಟಿ ಬೇಕೆಂದದ್ದು ಇದಕ್ಕೆ. ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಮದುವೆಯ ನಂತರ ತಾಯಿಯ ಹೆಸರಿನ ಹಿಂದೆ ಮತ್ತೊಂದು ಎಂದಿದ್ದರೆ, ಮಗಳ ದಾಖಲೆಯಲ್ಲಿ ಯಾವುದು ನಿಲ್ಲಬೇಕೆಂದು ಇಬ್ಬರೂ ನಿರ್ಧರಿಸಿ ಅದನ್ನೇ ಎಲ್ಲ ಕಡೆ ಕೊಡಿ.

ಕಂಪ್ಯೂಟರಿನಲ್ಲಿ ಹೆಸರು ಹಾಕಿದ ಮೇಲೆ, ಅಂತಿಮಗೊಳಿಸುವ ಮುಂಚೆ, ಪರದೆ ತೋರಿಸಿ ಎಂದು ಕೇಳಿ. ಸಾಲು ಉದ್ದವಿದೆ, ಹಿಂದಿನವರು ಗೊಣಗುತ್ತಿದ್ದಾರೆ ಎಂದು ಸಂಕೋಚಪಡಬೇಡಿ. ಒತ್ತು, ದೀರ್ಘ, ಣ ನ, ಳ ಲ, ಶ ಷ ಸ ಒಂದೊಂದಾಗಿ ನೋಡಿ. ಇಂಗ್ಲಿಷ್ ಹೆಸರನ್ನು ಹಿಂದಿನಿಂದ ಮುಂದಕ್ಕೆ ಅಕ್ಷರ ಅಕ್ಷರವಾಗಿ ಓದಿ. ಮುಂದಿನಿಂದ ಓದಿದರೆ ಕಣ್ಣು ತಪ್ಪನ್ನು ಹಾರಿಸಿಬಿಡುತ್ತದೆ.

ನಂತರದ ಕೆಲಸಗಳು ಈ ಪ್ರತಿಯನ್ನು ಹಿಡಿದೇ ನಡೆಯುತ್ತವೆ. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚಿಲ್ಲದೆ ಬಾಲ ಆಧಾರ್ ಮಾಡಿಸಬಹುದು. ಬಿಪಿಎಲ್ ಕುಟುಂಬದವರು ಭಾಗ್ಯಲಕ್ಷ್ಮಿ ಯೋಜನೆಗೆ ಅರ್ಹರಾಗಿದ್ದರೆ ಮಗು ಹುಟ್ಟಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ. ಹೆಸರಿನ ಜಗಳ ವರ್ಷ ದಾಟಿದರೆ ನಿಜವಾದ ನಷ್ಟವಾಗುವುದು ಇಲ್ಲಿ. ಸುಕನ್ಯಾ ಸಮೃದ್ಧಿ ಖಾತೆಗೆ ಹತ್ತು ವರ್ಷ ತುಂಬುವವರೆಗೆ ಅವಕಾಶವಿದೆ, ಅದಕ್ಕೆ ಆತುರವಿಲ್ಲ. ಪಡಿತರ ಚೀಟಿ, ಲಸಿಕೆಯ ಕಾರ್ಡು ಎಲ್ಲದರಲ್ಲೂ ಅಕ್ಷರ ಅದೇ ಇರಲಿ.

ಹೊಸ ಪ್ರಮಾಣಪತ್ರದ ಮೂರು ನಾಲ್ಕು ಪ್ರತಿ ತೆಗೆಸಿ, ಒಂದನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ಇಬ್ಬರ ಬಳಿಯೂ ಇಟ್ಟುಕೊಳ್ಳಿ. ಹೆಸರಿಲ್ಲದ ಹಳೆಯ ಪ್ರತಿಯ ಮೇಲೆ "ಹಳೆಯದು" ಎಂದು ಬರೆದು ಬೇರೆ ಲಕೋಟೆಯಲ್ಲಿಡಿ. ಶಾಲೆಗೆ ಸೇರಿಸುವ ದಿನ ಅವಸರದಲ್ಲಿ ಕೈಗೆ ಸಿಗುವುದು ಯಾವಾಗಲೂ ಅದೇ.